ಒತ್ತದೆ ಇರುವಾಗಿನ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಅಗಲ ಎಂಟು ಅಡಿಯಷ್ಟೇ. ಸಂಜೆಯಾದರೆ ಅಲ್ಲಿಗೆ ಗಿರಾಕಿಗಳಿಗಿಂತ ಮಾತಿಗೆ ಬರುವವರೇ ಜಾಸ್ತಿ. ಅಲ್ಲಿ ಕೂರುವ ಹಿರಿಯರು ಎಚ್‌ಎಂಟಿಯ ತುಮಕೂರು ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುತ್ತಲೇ ತಲೆ ನರೆಸಿಕೊಂಡವರು. ಆ ದಿನ ಅವರೆದುರಿನ ಗಾಜಿನ ಮೇಲೆ ಒಬ್ಬಳು ಹುಡುಗಿ ಟಿಫನ್ ಡಬ್ಬಿ ಬಿಚ್ಚಿಟ್ಟಳು. ದಿನಾ ಗುಬ್ಬಿಯಿಂದ ರೈಲಿನಲ್ಲಿ ಬಂದು ಎಲೆಕ್ಟ್ರಾನಿಕ್ಸ್ ಓದುವವಳು. ಡಬ್ಬಿಯೊಳಗೆ ಚಿತ್ರಾನ್ನವಿರಲಿಲ್ಲ, ಆರ್ಡುಯಿನೊ ಊನೊ ಬೋರ್ಡು, ನಾಲ್ಕು ದಪ್ಪ ಗುಂಡಿ, ಒಂದು ಇನ್‌ಫ್ರಾರೆಡ್ ಎಲ್‌ಇಡಿ, 9 ವೋಲ್ಟಿನ ಚೌಕ ಬ್ಯಾಟರಿ ಇದ್ದವು.

"ಅಜ್ಜಿಗೆ ಅಂತ ಮಾಡಿದ ರಿಮೋಟು," ಎಂದಳು. "ಫ್ಯಾನಿನ ರಿಮೋಟಲ್ಲಿ ಹತ್ತು ಗುಂಡಿ, ಒಂದೊಂದೂ ಹೆಸರುಕಾಳಿನಷ್ಟು. ಬೆರಳು ಸೊಟ್ಟಗಾಗಿರೋ ಅಜ್ಜಿಗೆ ಒತ್ತೋಕಾಗಲ್ಲ. ಫ್ಯಾನು ಆನ್-ಆಫ್, ಜೋರು, ನಿಧಾನ, ಆಮೇಲೆ ಟಿವಿ. ಈ ನಾಲ್ಕು ಸಾಕು. ಕೆಲಸವೂ ಮಾಡುತ್ತೆ. ಆದರೆ ನಿನ್ನೆ ಬೆಳಿಗ್ಗೆ ಹಾಕಿದ ಬ್ಯಾಟರಿ ಸಂಜೆಗೆ ಸತ್ತುಹೋಯ್ತು."

"ಎಷ್ಟು ಸಲ ಒತ್ತಿದಿರಿ?"

"ಹತ್ತೋ ಹನ್ನೆರಡೋ."

"ಅಷ್ಟಕ್ಕೇ ಅದು ಸಾಯಲಿಲ್ಲ ಕಣಮ್ಮ. ಮಿಕ್ಕ ಹೊತ್ತೆಲ್ಲ ಅದು ಏನು ಮಾಡ್ತಿತ್ತು, ಅದನ್ನ ಕೇಳು."

ಹುಡುಗಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಆ ಬೋರ್ಡು ಸುಮ್ಮನೆ ಕೂತಿದ್ದರೂ ಸುಮಾರು 45 ಮಿಲಿಆಂಪ್ ಎಳೆಯುತ್ತದೆ. ವೋಲ್ಟೇಜ್ ಇಳಿಸುವ ರೆಗ್ಯುಲೇಟರ್, ಯುಎಸ್‌ಬಿ ನೋಡಿಕೊಳ್ಳುವ ಇನ್ನೊಂದು ಚಿಪ್, ಸದಾ ಉರಿಯುವ ದೀಪ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಸಾಧಾರಣ 9 ವೋಲ್ಟಿನ ಬ್ಯಾಟರಿಯಲ್ಲಿರುವುದು 400 ಮಿಲಿಆಂಪ್-ಗಂಟೆಯ ಆಸುಪಾಸು. ಭಾಗಿಸಿದರೆ ಒಂಬತ್ತು ಗಂಟೆಯೂ ಬರಲಿಲ್ಲ.

ಹಿರಿಯರು ಡ್ರಾಯರಿನಿಂದ ಶರ್ಟಿನ ಗುಂಡಿಗಿಂತ ಚಿಕ್ಕದಾದ ಒಂದು ಸೆಲ್ ತೆಗೆದು ಅಂಗೈ ಮೇಲಿಟ್ಟರು. "ಇದು ವಾಚಿಂದು. 28 ಮಿಲಿಆಂಪ್-ಗಂಟೆ. ಎರಡು ವರ್ಷ ಮುಳ್ಳು ತಿರುಗಿಸುತ್ತೆ. ಇದರ ಲೆಕ್ಕವನ್ನೂ ಹಾಕು."

ಎರಡು ವರ್ಷ ಎಂದರೆ 17,520 ಗಂಟೆ. ಬಂದ ಉತ್ತರ 1.6 ಮೈಕ್ರೋಆಂಪ್. ಡಬ್ಬಿಯೊಳಗಿನ ಬೋರ್ಡು ಏನೂ ಮಾಡದೆ ನುಂಗುತ್ತಿದ್ದುದು ಅದರ 28 ಸಾವಿರ ಪಟ್ಟು. ಹುಡುಗಿ ಪೆನ್ನು ಕೆಳಗಿಟ್ಟಳು.

ಹಿರಿಯರಿಗೆ ಈ ಅಂಕಿ ಪುಸ್ತಕದ್ದಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿದದ್ದು 1961ರಲ್ಲಿ. ತುಮಕೂರಿನ ಕಾರ್ಖಾನೆ ಬಂದದ್ದು 70ರ ದಶಕದ ಕೊನೆಗೆ. ಮೊದಲಿನ ಜನತಾ, ಪೈಲಟ್‌ಗಳೆಲ್ಲ ಕೀಲಿ ಕೊಡುವ ಗಡಿಯಾರ. ಬೆಳಿಗ್ಗೆ ಎದ್ದು ಬೆರಳಲ್ಲಿ ತಿರುಪಿದರೆ ಆ ದಿನದ ಶಕ್ತಿ ಸ್ಪ್ರಿಂಗಿನಲ್ಲಿ ತುಂಬಿತು. ಆಮೇಲೆ ಕಾರ್ಖಾನೆಯ ಒಂದು ಭಾಗ ಕ್ವಾರ್ಟ್ಜ್‌ಗೆ ಹೊರಳಿತು. ಸ್ಪ್ರಿಂಗಿನ ಜಾಗಕ್ಕೆ ಸೆಲ್ ಬಂತು, ಮೈಕ್ರೋಆಂಪ್ ಎಂಬ ಮಾತು ಬಂತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ ಕೈಗೊಂಡದ್ದು 2016ರ ಜನವರಿಯಲ್ಲಿ. ತುಮಕೂರಿನ ಆ ಜಾಗ ಈಗ ಇಸ್ರೊ ಪಾಲಾಗಿದೆ.

"ಬ್ಯಾಟರಿಯೇ ಬೇಡದ ರಿಮೋಟೂ ಇತ್ತಂತೆ," ಎಂದಳು ಹುಡುಗಿ. "ಅಮೆರಿಕದ ಜೆನಿತ್ ಕಂಪನಿ 1956ರಲ್ಲಿ ತಂದದ್ದು. ಸ್ಪೇಸ್ ಕಮಾಂಡ್ ಅಂತ ಹೆಸರು, ರಾಬರ್ಟ್ ಆಡ್ಲರ್ ವಿನ್ಯಾಸ. ಗುಂಡಿ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಹೊಡೆಯೋದು. ನಮ್ಮ ಕಿವಿಗೆ ಕೇಳಿಸದ, 40 ಕಿಲೋಹರ್ಟ್ಜ್ ಆಸುಪಾಸಿನ ಸದ್ದು. ಟಿವಿಗೆ ಮಾತ್ರ ಕೇಳಿಸೋದು."

"ಅಂದರೆ ಅದು ಜನತಾ ವಾಚು!" ಹಿರಿಯರ ಮುಖ ಅರಳಿತು. "ಬೆರಳೇ ಬ್ಯಾಟರಿ."

"ಕೇಳಿಸಿಕೊಳ್ಳೋಕೆ ಟಿವಿಯೊಳಗೆ ಆರು ವಾಲ್ವು ಹೆಚ್ಚಿಗೆ ಹಾಕಬೇಕಿತ್ತು."

"ಹಂಗಾದರೆ ಖರ್ಚು ಎಲ್ಲೂ ಹೋಗಲಿಲ್ಲ, ಬೇರೆಯವರ ತಲೆ ಮೇಲೆ ಬಿತ್ತು ಅನ್ನಿ."

ಹೀಗೆಂದವರು ಮೂಲೆಯ ಸ್ಟೂಲಿನಲ್ಲಿದ್ದ ಕುಣಿಗಲ್ ಕಡೆಯ ರೈತರು. ಮಂಡಿಪೇಟೆಗೆ ಬಂದಾಗಲೆಲ್ಲ ಈ ಅಂಗಡಿಗೆ ಒಂದು ಹೆಜ್ಜೆ ಹಾಕಿ ಹೋಗುವವರು. ಅವರ ಜೇಬಿನಲ್ಲೂ ಒಂದು ರಿಮೋಟಿತ್ತು, ರಬ್ಬರ್ ಬ್ಯಾಂಡ್ ಸುತ್ತಿದ್ದು. ಬೆನ್ನು ಬಿಚ್ಚಿದರೆ ಪೆನ್ಸಿಲ್ ಸೆಲ್‌ಗಳ ತುದಿಯಲ್ಲಿ ಬೂದು ಬಣ್ಣದ ಹುಡಿ, ಸ್ಪ್ರಿಂಗಿಗೆ ತುಕ್ಕು. "ಅಂಗೈಗೆ ಎರಡು ಬಡಿದರೆ ಒಂದು ಸಲ ಕೆಲಸ ಮಾಡುತ್ತೆ. ಅದೂ ಟಿವಿ ಹತ್ತಿರಕ್ಕೆ ಹೋಗಿ ಹಿಡಿದರೆ. ಅದೇನು ಸ್ವಾಮಿ, ಬಡಿದರೆ ಬುದ್ಧಿ ಬರುತ್ತಾ ಇದಕ್ಕೆ?"

ಬಡಿದಾಗ ಆಗುವುದು ಇಷ್ಟೇ: ಸೆಲ್ ತುಸು ಉರುಳಿ, ತುಕ್ಕಿನ ಪದರ ಕೆರೆದು, ಲೋಹಕ್ಕೆ ಲೋಹ ತಾಗುತ್ತದೆ. ಹತ್ತಿರ ಹೋಗಿ ಹಿಡಿಯುವುದಕ್ಕೆ ಕಾರಣ ಬೇರೆ. ಎರಡು ಹೊಸ ಸೆಲ್ ಸೇರಿದರೆ 3 ವೋಲ್ಟ್. ಟ್ರಾನ್ಸಿಸ್ಟರ್, 15 ಓಮ್ ರೆಸಿಸ್ಟರ್ ದಾಟಿ ಎಲ್‌ಇಡಿಯಲ್ಲಿ ಸುಮಾರು 100 ಮಿಲಿಆಂಪ್ ಹರಿಯುತ್ತದೆ. ಸೆಲ್ ಸವೆದು ಜೋಡಿಯ ವೋಲ್ಟೇಜು 2.2ಕ್ಕೆ ಇಳಿದಾಗ ಅದೇ ದಾರಿಯಲ್ಲಿ ಹರಿಯುವುದು 43 ಮಿಲಿಆಂಪ್ ಮಾತ್ರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಹತ್ತು ಮೀಟರು ಮುಟ್ಟುತ್ತಿದ್ದ ರಿಮೋಟು ಆರೂವರೆ ಮೀಟರಿಗೆ ಬರುತ್ತದೆ. ರೈತರ ಮನೆಯಲ್ಲಿ ಅದು ಇನ್ನೂ ಇಳಿದು ಎರಡು ಹೆಜ್ಜೆಗೆ ಬಂದಿತ್ತು.

"ಸರಿ, ಹೊಸ ಸೆಲ್ ಹಾಕಿ ಹೊಲದ ಪಂಪ್‌ಸೆಟ್ಟಿಗೂ ಇದನ್ನೇ ಬಳಸಬಹುದಾ?"

"ಆಗಲ್ಲ. ಇದಕ್ಕೆ ಎದುರುಬದುರು ಕಾಣಬೇಕು. ಮೇಲಾಗಿ ಬಯಲಲ್ಲಿ ಸೂರ್ಯ ಇದಾನಲ್ಲ, ಅವನೂ ಇನ್‌ಫ್ರಾರೆಡ್ ಸುರೀತಾನೆ," ಎಂದು ಹುಡುಗಿ ವಿವರಿಸಿದಳು. ರಿಮೋಟಿನ ಬೆಳಕು ಸಾಮಾನ್ಯವಾಗಿ 940 ನ್ಯಾನೊಮೀಟರಿನದು. ಗಾಳಿಯಲ್ಲಿನ ನೀರಾವಿ ಸೂರ್ಯನ ಬೆಳಕಿನಲ್ಲಿ ಆ ಭಾಗವನ್ನು ಕೊಂಚ ಹೀರಿಕೊಳ್ಳುವುದರಿಂದ ಅದರ ಕಾಟ ಅಲ್ಲಿ ಸ್ವಲ್ಪ ಕಡಿಮೆ. ಆದರೂ ಸಾಲದು. ಅದಕ್ಕೇ ರಿಮೋಟು ಬೆಳಕನ್ನು ಸುಮ್ಮನೆ ಉರಿಸದೆ ಸೆಕೆಂಡಿಗೆ 38 ಸಾವಿರ ಸಲ ಮಿನುಗಿಸುತ್ತದೆ. ಎದುರಿಗಿರುವ ಮೂರು ಕಾಲಿನ ಗ್ರಾಹಕ, ಎಂಜಿನಿಯರಿಂಗ್ ಮಕ್ಕಳೆಲ್ಲ ಬಲ್ಲ ಟಿಎಸ್‌ಒಪಿ 1738ರಂಥದ್ದು, ಆ ಲಯದಲ್ಲಿ ಮಿನುಗುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಜ್ಜಿಯ ಹಳೆಯ ರಿಮೋಟನ್ನು ಅಂಥದ್ದೇ ಗ್ರಾಹಕದ ಮುಂದೆ ಹಿಡಿದು ಅದರ ಸಂಕೇತಗಳನ್ನು ಹುಡುಗಿ ಬರೆದುಕೊಂಡಿದ್ದಳು. ಸಂಕೇತ ಎನ್‌ಇಸಿ ಪದ್ಧತಿಯದು: ಮೊದಲು 9 ಮಿಲಿಸೆಕೆಂಡಿನ ಉದ್ದ ಮಿನುಗು, ನಾಲ್ಕೂವರೆ ಮಿಲಿಸೆಕೆಂಡು ಮೌನ, ಆಮೇಲೆ 32 ಬಿಟ್. ಸಾಧನದ ವಿಳಾಸ ಒಮ್ಮೆ ನೇರ, ಒಮ್ಮೆ ತಿರುವುಮುರುವು, ಆಜ್ಞೆಯೂ ಹಾಗೆಯೇ. ಎರಡೂ ತಾಳೆಯಾದರಷ್ಟೇ ಫ್ಯಾನು ಮಾತು ಕೇಳುತ್ತದೆ. ಎಲ್ಲ ಸೇರಿ ಸುಮಾರು 68 ಮಿಲಿಸೆಕೆಂಡಿನ ಮಾತು.

"ಆ ಒಂದು ಒತ್ತಿಗೆ ಖರ್ಚೆಷ್ಟು?" ಹಿರಿಯರು ಬಿಡಲಿಲ್ಲ.

ಇಡೀ ಸಂಕೇತದಲ್ಲಿ ಮಿನುಗುವ ಕಾಲ ಸುಮಾರು 27.6 ಮಿಲಿಸೆಕೆಂಡು. ಪ್ರತಿ ಮಿನುಗಿನಲ್ಲೂ ಮೂರನೆಯ ಒಂದು ಪಾಲು ಮಾತ್ರ ಬೆಳಕು, ಎರಡು ಪಾಲು ಕತ್ತಲು. ಆದ್ದರಿಂದ ಎಲ್‌ಇಡಿ ನಿಜವಾಗಿ ಉರಿಯುವುದು 9.2 ಮಿಲಿಸೆಕೆಂಡು. ದಿನಕ್ಕೆ ನೂರು ಸಲ ಒತ್ತಿದರೂ, ಚಿಪ್ಪಿನ ಖರ್ಚನ್ನೂ ಸೇರಿಸಿ, ವರ್ಷಕ್ಕೆ ಆಗುವುದು ಸುಮಾರು 10 ಮಿಲಿಆಂಪ್-ಗಂಟೆ. ಇನ್ನೊಂದು ಕಡೆ, ಒಂದೇ ಒಂದು ಮೈಕ್ರೋಆಂಪ್ ವರ್ಷವಿಡೀ ಹರಿದರೆ 8.76 ಮಿಲಿಆಂಪ್-ಗಂಟೆ.

ಹುಡುಗಿ ಎರಡು ಅಂಕಿಗಳನ್ನೂ ಅಕ್ಕಪಕ್ಕ ಬರೆದು ನೋಡಿದಳು. ವರ್ಷವಿಡೀ ಒತ್ತುವುದೂ ಒಂದು ಮೈಕ್ರೋಆಂಪಿನಲ್ಲಿ ವರ್ಷವಿಡೀ ಮಲಗುವುದೂ ಹೆಚ್ಚು ಕಡಿಮೆ ಸಮ.

"ನಾನು ಇಷ್ಟು ದಿನ ಎಲ್‌ಇಡಿ ಹೆಂಗೆ ಉರಿಸೋದು ಅಂತ ತಲೆ ಕೆಡಿಸಿಕೊಂಡಿದ್ದೆ," ಎಂದಳು.

ಮುಂದಿನ ವಾರ ಟಿಫನ್ ಡಬ್ಬಿ ಹೋಗಿ ಸೋಪಿನ ಡಬ್ಬಿ ಬಂದಿತ್ತು. ಒಳಗೆ ಎಂಟು ಕಾಲಿನ ಎಟಿಟೈನಿ 85 ಚಿಪ್, ಎರಡು ಪೆನ್ಸಿಲ್ ಸೆಲ್. ರೆಗ್ಯುಲೇಟರಿಗೆ ಜಾಗವೇ ಇರಲಿಲ್ಲ, 1.8 ವೋಲ್ಟಿನವರೆಗೂ ಓಡುವ ಮಾದರಿಯನ್ನು ಆರಿಸಿ ಸೆಲ್‌ಗೆ ನೇರವಾಗಿ ಕಟ್ಟಿದ್ದಳು. ಎಂಟು ಕಾಲಿನಲ್ಲಿ ಎರಡು ವಿದ್ಯುತ್ತಿಗೆ, ಒಂದು ರೀಸೆಟ್ಟಿಗೆ. ಉಳಿದ ಐದರಲ್ಲಿ ನಾಲ್ಕು ಗುಂಡಿಗೆ, ಒಂದು ಎಲ್‌ಇಡಿಗೆ. ಆ ಕಾಲೊಂದಕ್ಕೇ 100 ಮಿಲಿಆಂಪ್ ತಡೆಯುವ ಶಕ್ತಿಯಿಲ್ಲ, ಅದಕ್ಕೇ ನಡುವೆ ಟ್ರಾನ್ಸಿಸ್ಟರ್.

"38 ಸಾವಿರ ಎಲ್ಲಿಂದ ತಂದೆ? ಹರಳು ಕಾಣಿಸ್ತಿಲ್ಲ," ಎಂದು ಹಿರಿಯರು ಭೂತಗನ್ನಡಿ ಕಣ್ಣಿಗೇರಿಸಿದರು. ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಟಿಕ್. ಅದು ತಪ್ಪಿದರೆ ಗಡಿಯಾರವೇ ತಪ್ಪಿತು. ಹಳೆಯ ರಿಮೋಟುಗಳಲ್ಲೂ 455 ಕಿಲೋಹರ್ಟ್ಜಿನ ಸೆರಾಮಿಕ್ ರೆಸೊನೇಟರ್ ಇರುತ್ತಿತ್ತು. ರೇಡಿಯೊಗಳಿಗೆ ಹೇರಳವಾಗಿ ತಯಾರಾಗುತ್ತಿದ್ದ ಅದೇ ಆವರ್ತನ. ಹನ್ನೆರಡರಿಂದ ಭಾಗಿಸಿದರೆ 37.9.

"ಚಿಪ್ಪಿನೊಳಗಿನ ಒಂದು ಮೆಗಾಹರ್ಟ್ಜ್‌ನ 26ರಿಂದ ಭಾಗಿಸಿದೆ. 38.46 ಬಂತು. ಒಂದು-ಎರಡು ಪರ್ಸೆಂಟು ಆಚೀಚೆಯಾದರೆ ಫ್ಯಾನು ಬೇಜಾರು ಮಾಡ್ಕೊಳ್ಳಲ್ಲ."

"ನಮ್ಮ ಇನ್‌ಸ್ಪೆಕ್ಷನ್‌ನಲ್ಲಿ ಇಂಥ ವಾಚು ಪಾಸಾಗ್ತಿರಲಿಲ್ಲ," ಎಂದು ಗೊಣಗಿ, ಹಿರಿಯರು ಒಂದು ಕಿಲೋಓಮಿನ ರೆಸಿಸ್ಟರ್ ಹುಡುಕತೊಡಗಿದರು. ಅದನ್ನು ಸೆಲ್ ಮತ್ತು ಚಿಪ್ಪಿನ ನಡುವೆ ಸೇರಿಸಿ, ಅದರ ಎರಡು ತುದಿಗೆ ಮೀಟರು ಹಿಡಿದರೆ ಒಂದು ಮಿಲಿವೋಲ್ಟಿಗೆ ಒಂದು ಮೈಕ್ರೋಆಂಪ್. ಚಿಪ್ ಎಚ್ಚರವಿರುವಾಗ ಒಂದು ತಂತಿಯಿಂದ ರೆಸಿಸ್ಟರನ್ನು ಬಳಸಿ ಹೋಗಬೇಕು, ಇಲ್ಲದಿದ್ದರೆ ವೋಲ್ಟೇಜು ಕುಸಿದು ಚಿಪ್ ಮೂರ್ಛೆ ಹೋಗುತ್ತದೆ. ಮಲಗಿದ ಮೇಲೆ ತಂತಿ ಎತ್ತಬೇಕು. ಎತ್ತಿದರು. ಮೀಟರು 271 ತೋರಿಸಿತು.

"ಮಲಗಿಸಿದೀನಿ ಅಂದೆ?"

"ಮಲಗಿಸಿದೀನಿ ಸರ್. ಆಜ್ಞೆ ಕೊಟ್ಟಿದೀನಲ್ಲ."

"ನಮ್ಮೂರ ಸ್ಟಡ್ ಫಾರ್ಮಿನ ಕುದುರೆ ಥರ ಇರಬೇಕು," ಎಂದರು ಕುಣಿಗಲ್‌ನವರು. ಟಿಪ್ಪುವಿನ ಕಾಲದಿಂದ ಹೆಸರಾದ ಆ ಕುದುರೆ ಫಾರ್ಮಿನ ಬೇಲಿಯ ಪಕ್ಕದಲ್ಲೇ ಓಡಾಡಿ ಬೆಳೆದವರು ಅವರು. "ಕುದುರೆ ನಿಂತುಕೊಂಡೇ ತೂಕಡಿಸುತ್ತೆ. ಕಣ್ಣು ಮುಚ್ಚಿರುತ್ತೆ, ನೋಡಿದವರು ನಿದ್ದೆ ಅಂದ್ಕೋತಾರೆ. ಗಾಢವಾಗಿ ನಿದ್ದೆ ಮಾಡಬೇಕಾದರೆ ನೆಲಕ್ಕೆ ಮಲಗಲೇಬೇಕು."

ಮೈಕ್ರೋಕಂಟ್ರೋಲರಿನ ನಿದ್ದೆಯಲ್ಲೂ ಇಂಥ ಅಂತಸ್ತುಗಳಿವೆ. ಐಡಲ್ ಎಂಬ ತೂಕಡಿಕೆಯಲ್ಲಿ ಲೆಕ್ಕ ಮಾಡುವ ಭಾಗ ಮಾತ್ರ ನಿಲ್ಲುತ್ತದೆ, ಟೈಮರು ಓಡುತ್ತಲೇ ಇರುತ್ತದೆ. ಒಂದು ಮೆಗಾಹರ್ಟ್ಜಿನಲ್ಲಿ ಅದರ ಖರ್ಚು ಸುಮಾರು 0.1 ಮಿಲಿಆಂಪ್, ಸಾವಿರ ಮಿಲಿಆಂಪ್-ಗಂಟೆಯ ಆಲ್ಕಲೈನ್ ಸೆಲ್‌ಗೆ ಹದಿನಾಲ್ಕು ತಿಂಗಳ ಆಯುಸ್ಸು. ಪವರ್-ಡೌನ್ ಎಂಬ ಗಾಢನಿದ್ದೆಯಲ್ಲಿ ಗಡಿಯಾರವೇ ನಿಂತುಹೋಗಿ ಖರ್ಚು ಒಂದು ಮೈಕ್ರೋಆಂಪಿನ ಕೆಳಗಿಳಿಯುತ್ತದೆ. ಹುಡುಗಿ ಬರೆದದ್ದು ಪವರ್-ಡೌನೇ. ಆದರೂ ಒಳಗೆ ಯಾರೋ ದೀಪ ಆರಿಸದೆ ಮಲಗಿದ್ದರು.

ಮೊದಲು ಸಿಕ್ಕಿದ್ದು ಎಡಿಸಿ, ವೋಲ್ಟೇಜು ಅಳೆಯುವ ವಿಭಾಗ. ರಿಮೋಟಿಗೆ ಅದರ ಕೆಲಸವೇ ಇಲ್ಲ. ಆದರೆ ಅವಳು ಬಳಸಿದ್ದ ಸಿದ್ಧ ಲೈಬ್ರರಿ ಅದನ್ನು ಚಾಲೂ ಮಾಡಿಟ್ಟಿತ್ತು, ಮಲಗುವ ಮುನ್ನ ಆರಿಸುವವರು ಇರಲಿಲ್ಲ. ಆರಿಸಿದ ಮೇಲೆ ಮೀಟರು 26ಕ್ಕೆ ಇಳಿಯಿತು. ಎರಡನೆಯದು ಬ್ರೌನ್-ಔಟ್ ಕಾವಲು, ವೋಲ್ಟೇಜು ಕುಸಿದರೆ ಚಿಪ್ಪನ್ನು ತಡೆದು ನಿಲ್ಲಿಸುವ ವ್ಯವಸ್ಥೆ. ಅದೊಂದೇ ಸುಮಾರು 20 ಮೈಕ್ರೋಆಂಪ್ ತಿನ್ನುತ್ತಿತ್ತು. ಅದಕ್ಕಿಂತ ದೊಡ್ಡ ಅನಾಹುತ ಅವಳು ಇಟ್ಟಿದ್ದ ಮಿತಿಯಲ್ಲಿತ್ತು: 2.7 ವೋಲ್ಟ್. ಎಂದರೆ ಒಂದೊಂದು ಸೆಲ್ಲೂ 1.35ಕ್ಕೆ ಬಂದ ಕೂಡಲೇ, ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿದಿರುವಾಗಲೇ, ರಿಮೋಟು ಬಾಗಿಲು ಹಾಕಿಕೊಳ್ಳುತ್ತಿತ್ತು. ಕಾವಲನ್ನು ತೆಗೆದರು. ಮೀಟರಿನಲ್ಲಿ ಆರು ಉಳಿಯಿತು.

ಆ ಆರು ಮಾತ್ರ ಯಾವ ಪ್ರೋಗ್ರಾಮಿನಲ್ಲೂ ಸಿಗಲಿಲ್ಲ. ಹುಡುಗಿ ಮುಕ್ಕಾಲು ಗಂಟೆ ಕೋಡನ್ನೇ ಕೆದಕಿದಳು. ಕೊನೆಗೆ ಹಿರಿಯರು ಬೆರಳು ತೋರಿಸಿದ್ದು ಸೆಲ್‌ಗಳ ಪಕ್ಕದ 100 ಮೈಕ್ರೋಫ್ಯಾರಡಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಕಡೆಗೆ. ಮಿನುಗುವಾಗಿನ 100 ಮಿಲಿಆಂಪಿನ ಏಟನ್ನು ಅದು ತಾನು ತೆಗೆದುಕೊಂಡು, ಸೆಲ್ ಮೇಲೆ ಸರಾಸರಿ 33ರ ಹೊರೆ ಮಾತ್ರ ಬೀಳುವಂತೆ ಮಾಡುತ್ತದೆ. ಅದಕ್ಕಾಗಿಯೇ ಹಾಕಿದ್ದು. ಆದರೆ ಎಲೆಕ್ಟ್ರೋಲಿಟಿಕ್ ಎಂಬುದೇ ಕೊಂಚ ಸೋರುವ ಪಾತ್ರೆ; ಮಲಗಿದ ಚಿಪ್ಪಿಗಿಂತ ಅದರ ಸೋರಿಕೆಯೇ ದೊಡ್ಡದಾಗಬಹುದು.

"ತೆಗೆದುಬಿಡಲಾ?"

"ತಾಳು. ಎಷ್ಟು ವರ್ಷದಿಂದ ಡಬ್ಬದಲ್ಲಿತ್ತೋ ಏನೋ. ಒಳಗಿನ ಪದರ ಮತ್ತೆ ಕಟ್ಟಿಕೊಳ್ಳಲಿ. ಕಾಫಿ ಕುಡಿಯೋಣ."

ಕಾಫಿ ಮುಗಿಯುವಷ್ಟರಲ್ಲಿ ಆರು ಎರಡಾಗಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಒಂದರ ಕೆಳಗೆ.

"ಅಷ್ಟು ಗಾಢವಾಗಿ ಮಲಗಿದರೆ ಅಜ್ಜಿ ಒತ್ತಿದ್ದು ಗೊತ್ತಾಗೋದು ಹೆಂಗೆ?" ಕುಣಿಗಲ್‌ನವರ ಪ್ರಶ್ನೆ ನ್ಯಾಯವಾಗಿತ್ತು. ಗುಬ್ಬಿಯವಳಿಗೆ ಇದಕ್ಕೆ ಉತ್ತರ ಊರಲ್ಲೇ ಇತ್ತು. 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದ ನಾಟಕ ಕಂಪನಿಯ ಊರು. ಬಣ್ಣ ಹಚ್ಚಿಕೊಂಡ ನಟ ತನ್ನ ಸರದಿ ಬಂತೇ ಎಂದು ಗಳಿಗೆಗೊಮ್ಮೆ ಪರದೆ ಸರಿಸಿ ಇಣುಕುತ್ತಿದ್ದರೆ ಅವನಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಗಂಟೆ ಹೊಡೆದಾಗ ಏಳುತ್ತೇನೆಂದು ಮಲಗುವವನೇ ಜಾಣ. ಅವಳ ಮೊದಲ ಪ್ರೋಗ್ರಾಮು ಇಣುಕುವ ನಟನಾಗಿತ್ತು: ಸೆಕೆಂಡಿಗೆ ಸಾವಿರಾರು ಸಲ ನಾಲ್ಕೂ ಗುಂಡಿಗಳನ್ನು ನೋಡುವುದೇ ಅದರ ಕೆಲಸ. ಈಗ ಗುಂಡಿ ಒತ್ತಿದಾಗ ಕಾಲಿನ ವೋಲ್ಟೇಜು ಬದಲಾಗುವುದೇ ಗಂಟೆ. ಇಂಟರಪ್ಟ್ ಎನ್ನುವುದು ಅದನ್ನೇ. ಚಿಪ್ ಎದ್ದು, ಗುಂಡಿಯ ಲೋಹದ ಅದುರು ಅಡಗಲೆಂದು ಹತ್ತಿಪ್ಪತ್ತು ಮಿಲಿಸೆಕೆಂಡು ಕಾದು, ಸಂಕೇತ ಹೇಳಿ, ಮತ್ತೆ ಮಲಗುತ್ತದೆ.

"ಒತ್ತಿದ ಗುಂಡಿ ಮೇಲೆ ಬರದೇ ಹೋದರೆ?" ಹಿರಿಯರು ಕೇಳಿದರು. "ಅಜ್ಜಿ ಅದರ ಮೇಲೇ ಮಲಗಿಬಿಟ್ಟರೆ?"

ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಒತ್ತಿಯೇ ಇದ್ದ ಗುಂಡಿ ರಾತ್ರಿಯಿಡೀ ಸಂಕೇತ ಕಳಿಸುತ್ತಲೇ ಇರುತ್ತದೆ. ಸಂಕೇತ ನಿಲ್ಲಿಸಿದರೂ ಚಿಪ್ಪಿನೊಳಗಿನ ಪುಲ್-ಅಪ್ ರೆಸಿಸ್ಟರಿನ ಮೂಲಕ 60ರಿಂದ 150 ಮೈಕ್ರೋಆಂಪ್ ಸೋರುತ್ತಿರುತ್ತದೆ. ಮನೆಗೆ ಹೋಗಿ ಅವಳು ಹೊಸ ನಿಯಮ ಬರೆದಳು: ಮೂವತ್ತು ಸೆಕೆಂಡಾದರೂ ಗುಂಡಿ ಬಿಡದಿದ್ದರೆ ಸಂಕೇತ ಬಂದ್, ಆ ಕಾಲಿನ ಪುಲ್-ಅಪ್ಪೂ ಬಂದ್. ಆಮೇಲೆ ಎಂಟು ಸೆಕೆಂಡಿಗೊಮ್ಮೆ ಚಿಪ್ಪಿನ ವಾಚ್‌ಡಾಗ್ ಟೈಮರು ಎದ್ದು ಗುಂಡಿ ಬಿಟ್ಟಿದೆಯೇ ಎಂದು ನೋಡಿ ಮಲಗುವುದು. ಈ ಕಾವಲಿಗೆ ತಗಲುವುದು ಸುಮಾರು 4 ಮೈಕ್ರೋಆಂಪ್, ಅದೂ ಗುಂಡಿ ಸಿಕ್ಕಿಹಾಕಿಕೊಂಡಿರುವಷ್ಟು ಹೊತ್ತು.

ಇನ್ನೂ ಇಳಿಸಬಹುದೇ ಎಂಬ ಆಸೆ ಅವಳಿಗೆ ಹತ್ತಿತ್ತು. ತಡೆದವರು ಹಿರಿಯರು. ಒಳ್ಳೆಯ ಆಲ್ಕಲೈನ್ ಸೆಲ್ ಸುಮ್ಮನಿಟ್ಟರೂ ವರ್ಷಕ್ಕೆ ನೂರಕ್ಕೆ ಎರಡು ಮೂರರಷ್ಟು ತನ್ನಷ್ಟಕ್ಕೆ ಕಳೆದುಕೊಳ್ಳುತ್ತದೆ. ಸಾವಿರದಲ್ಲಿ ಅದು 20–30 ಮಿಲಿಆಂಪ್-ಗಂಟೆ. ದಿನಕ್ಕೆ ನೂರು ಸಲ ಒತ್ತುವ, ಮಿಕ್ಕ ಹೊತ್ತು ಒಂದು ಮೈಕ್ರೋಆಂಪಿನಲ್ಲಿ ಮಲಗುವ ರಿಮೋಟಿನ ವರ್ಷದ ಖರ್ಚು 19ರೊಳಗೆ. ಇಲ್ಲಿಂದ ಮುಂದೆ ರಿಮೋಟಿಗಿಂತ ಸೆಲ್ಲೇ ಹೆಚ್ಚು ತಿನ್ನುತ್ತದೆ. ಅಗ್ಗದ ಜಿಂಕ್-ಕಾರ್ಬನ್ ಸೆಲ್ ಆದರಂತೂ ಅದರ ಸತುವಿನ ಡಬ್ಬಿಯೇ ಇಂಧನ. ಸವೆದು ತೂತಾಗಿ ಒಳಗಿನದು ಹೊರಬರುತ್ತದೆ. ಕುಣಿಗಲ್‌ನವರ ರಿಮೋಟಿನ ಬೂದು ಹುಡಿ ಅದೇ. ಅವರಿಗೆ ಹಿರಿಯರು ಕೊಟ್ಟ ಔಷಧಿ ಇಷ್ಟು: ಹುಡಿ ಕೆರೆದು, ಸ್ಪ್ರಿಂಗಿಗೆ ನುಣುಪು ಉಪ್ಪುಕಾಗದ ತಿಕ್ಕಿ, ಒಳಗೆ ಸೆಲ್ ಹಾಕಿದ ತಾರೀಖು ಬರೆದಂಟಿಸುವುದು.

ಹದಿನೈದು ದಿನದ ಮೇಲೆ ಹುಡುಗಿ ಸೋಪಿನ ಡಬ್ಬಿಯನ್ನು ಮತ್ತೆ ತಂದಿಟ್ಟಳು. ಮುಖ ಸಪ್ಪಗಿತ್ತು.

"ಸತ್ತುಹೋಯ್ತಾ?"

"ಇಲ್ಲ, ಚೆನ್ನಾಗಿದೆ. ಅಜ್ಜಿಗೇ ನಂಬಿಕೆ ಇಲ್ಲ. 'ಒತ್ತಿದರೆ ದೀಪ ಬರಲ್ಲ, ಇದು ಕೆಟ್ಟಿದೆ' ಅಂತ ಐದೈದು ಸಲ ಒತ್ತುತಾರೆ. ಫ್ಯಾನು ಆನ್ ಆಗಿ, ಆಫ್ ಆಗಿ, ಆನ್ ಆಗಿ, ಮತ್ತೆ ಆಫ್. ಹಳೇ ರಿಮೋಟಲ್ಲಿ ಕೆಂಪು ದೀಪ ಮಿಣಕ್ ಅಂತಿತ್ತು. ಉಳಿತಾಯ ಅಂತ ನಾನೇ ಹಾಕಿಲ್ಲ. ಈಗ ಹಾಕೋಣ ಅಂದರೆ ಚಿಪ್ಪಲ್ಲಿ ಕಾಲೇ ಉಳಿದಿಲ್ಲ."

ಕುಣಿಗಲ್‌ನವರು ನಕ್ಕರು. ಹಿರಿಯರು ನಗಲಿಲ್ಲ, ಡಬ್ಬಿ ಬಿಚ್ಚಿ ಟ್ರಾನ್ಸಿಸ್ಟರನ್ನೇ ನೋಡುತ್ತ ಕೂತರು. ಇನ್‌ಫ್ರಾರೆಡ್ ಎಲ್‌ಇಡಿಯನ್ನು ಎಳೆಯುವ ಅದೇ ಕಾಲಿಗೆ, 470 ಓಮಿನೊಂದಿಗೆ ಒಂದು ಕೆಂಪು ಎಲ್‌ಇಡಿಯನ್ನೂ ಪಕ್ಕದಲ್ಲಿ ತಗಲಿಸಿದರೆ? ಬೇರೆ ಕಾಲು ಬೇಡ, ಒಂದು ಸಾಲು ಕೋಡೂ ಬೇಡ. ಸಂಕೇತ ಹೋಗುವಾಗ ಮಾತ್ರ ಅದರೊಂದಿಗೇ ಮಿನುಗುತ್ತದೆ. ಹುಡುಗಿ ಅಷ್ಟರಲ್ಲೇ ಲೆಕ್ಕ ಹಾಕಿದ್ದಳು: ಎರಡು ಮಿಲಿಆಂಪ್, 9.2 ಮಿಲಿಸೆಕೆಂಡು. ಒಂದು ಒತ್ತಿನ ಖರ್ಚು ನೂರಕ್ಕೆ ಎರಡರಷ್ಟು ಹೆಚ್ಚಾಗುತ್ತದೆ.

ಗುಬ್ಬಿಯ ರೈಲಿಗೆ ಇನ್ನೂ ಅರ್ಧ ಗಂಟೆಯಿತ್ತು. ಹಿರಿಯರು ಬೆಸುಗೆ ಕಡ್ಡಿಯ ಪ್ಲಗ್ಗು ಚುಚ್ಚಿ, ಡ್ರಾಯರಿನಲ್ಲಿ ಕೆಂಪು ದೀಪ ಹುಡುಕಲು ಬಗ್ಗಿದರು.